ಸಭೆಯ ಯುಗ ಮುಗಿಯಿತೇ? ಮಂಜೇಶ್ವರದ ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾವು ಮಂಜೇಶ್ವರದ ಕಡೆಯವರು, ತಲೆಮಾರುಗಳಿಂದ ಪ್ರೊಟೆಸ್ಟಂಟ್ ಸಭೆಗೆ ಸೇರಿದವರು. ಗಲ್ಫಿನಲ್ಲಿ ಕೆಲಸಕ್ಕಿರುವ ನನ್ನ ಮೈದುನ ಕೆಲವು ಸಮಯದಿಂದ ಇಂಟರ್‌ನೆಟ್ಟಿನಲ್ಲಿ ಒಂದು ಬೋಧನೆಯನ್ನು ಕೇಳುತ್ತಿದ್ದಾನೆ. ಸಭೆಯ ಯುಗ 1988ರಲ್ಲೇ ಮುಗಿಯಿತು, ಪವಿತ್ರಾತ್ಮನು ಎಲ್ಲ ಸಭೆಗಳನ್ನೂ ಬಿಟ್ಟುಹೋಗಿದ್ದಾನೆ, ಇನ್ನೂ ಅಲ್ಲಿ ಕುಳಿತವರಿಗೆ ರಕ್ಷಣೆಯಿಲ್ಲ ಎನ್ನುತ್ತಾನೆ. ರಜೆಯಲ್ಲಿ ಊರಿಗೆ ಬಂದಾಗ ಆರಾಧನೆಗೆ ಬರಲಿಲ್ಲ. ತನ್ನ ಮಗುವಿಗೆ ದೀಕ್ಷಾಸ್ನಾನ ಬೇಡವೆಂದ. ನಮ್ಮ ಸಭೆಯಲ್ಲಿ ಆಸ್ತಿಯ ವ್ಯಾಜ್ಯ, ಚುನಾವಣೆಯ ಜಗಳ ಇರುವುದು ನಿಜವಾದ್ದರಿಂದ ನನಗೂ ಉತ್ತರ ತೋಚುವುದಿಲ್ಲ. ಮಾವನವರು ತೀರಿಕೊಂಡದ್ದು ಆ ವರ್ಷದ ನಂತರ; ಅವರ ಗತಿಯೇನೆಂದು ಅತ್ತೆ ಕೊರಗುತ್ತಿದ್ದಾರೆ. ಇದು ನಿಜವಾಗಿ ಸತ್ಯವೇದದಲ್ಲಿದೆಯೇ?

ಉತ್ತರ: ಸಭೆಯ ಯುಗ ಮುಗಿಯಿತೆಂದು ಹೇಳುವ ವಚನ ಸತ್ಯವೇದದಲ್ಲಿ ಒಂದೂ ಇಲ್ಲ. ನಿಮ್ಮ ಮೈದುನರೂ ಅಂಥ ವಚನವನ್ನು ತೋರಿಸಿರಲಾರರು. ಯೆರೆಮೀಯ, ದಾನಿಯೇಲ, ಲೂಕ, ಪ್ರಕಟನೆ ಎಂದು ಬೇರೆ ಬೇರೆ ಪುಸ್ತಕಗಳಿಂದ ಹತ್ತಾರು ವಚನಗಳನ್ನು ಎತ್ತಿ, ಅವುಗಳನ್ನು ಒಂದು ವರ್ಷಲೆಕ್ಕದೊಂದಿಗೆ ಜೋಡಿಸಿ ಹೇಳಿರುತ್ತಾರೆ. ಆದ್ದರಿಂದ ಅವರ ಒಂದು ವಚನಕ್ಕೆ ನಾವು ಇನ್ನೊಂದು ವಚನವನ್ನು ಎದುರು ನಿಲ್ಲಿಸಿದರೆ ಮಾತು ಮುಗಿಯುವುದಿಲ್ಲ. ಆ ವಚನಗಳನ್ನು ಜೋಡಿಸಿದ ಕ್ರಮ ಸರಿಯೇ ಎಂದು ನೋಡಬೇಕು, ಮತ್ತು ನನ್ನ ದೃಷ್ಟಿಯಲ್ಲಿ ಈ ಬೋಧನೆ ಸೋಲುವುದು ಅಲ್ಲಿಯೇ.

ಮೊದಲು ಅದರ ಮೂಲ. ಕ್ಯಾಲಿಫೋರ್ನಿಯಾದ ಹೆರಾಲ್ಡ್ ಕ್ಯಾಂಪಿಂಗ್ (1921–2013) ವೃತ್ತಿಯಿಂದ ಸಿವಿಲ್ ಎಂಜಿನಿಯರ್ ಆಗಿದ್ದರು, ದೇವಶಾಸ್ತ್ರವನ್ನು ಕ್ರಮವಾಗಿ ಕಲಿತವರಲ್ಲ. 1958ರಲ್ಲಿ ಇತರರೊಂದಿಗೆ ಫ್ಯಾಮಿಲಿ ರೇಡಿಯೊ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಶ್ರೋತೃಗಳು ಫೋನಿನಲ್ಲಿ ಕೇಳುವ ಸತ್ಯವೇದದ ಪ್ರಶ್ನೆಗಳಿಗೆ ದಶಕಗಳ ಕಾಲ ಉತ್ತರ ಕೊಟ್ಟರು. ಶಾರ್ಟ್‌ವೇವ್ ಪ್ರಸಾರದ ಮೂಲಕ ಅವರ ಬೋಧನೆ ಹಲವು ದೇಶಗಳಿಗೆ, ಹಲವು ಭಾಷೆಗಳಿಗೆ ಹೋಯಿತು. ಅವರು ಕ್ರಿಶ್ಚಿಯನ್ ರಿಫಾರ್ಮ್ಡ್ ಚರ್ಚಿಗೆ ಸೇರಿದವರಾಗಿದ್ದು, 1988ರಲ್ಲಿ ಸ್ಥಳೀಯ ಸಭೆಯ ಹಿರಿಯರೊಂದಿಗೆ ಬೋಧನೆಯ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದು ಹೊರಬಂದರು. 1994ರ ಸೆಪ್ಟೆಂಬರ್ ಹೊತ್ತಿಗೆ ಲೋಕಾಂತ್ಯವಾಗುವ ಸಂಭವವಿದೆಯೆಂದು 1992ರಲ್ಲಿ ಪುಸ್ತಕ ಬರೆದರು. ಆ ತಿಂಗಳು ಬಂದು ಹೋಯಿತು. ಸಭೆಯ ಯುಗ ಮುಗಿದಿದೆ ಎಂಬ ಬೋಧನೆ ಪುಸ್ತಕರೂಪದಲ್ಲಿ ಬಂದದ್ದು 2002ರಲ್ಲಿ. ಅವರ ಪ್ರಕಾರ ಆ ಯುಗ ಕ್ರಿ.ಶ. 33ರ ಪಂಚಾಶತ್ತಮ ದಿನದಲ್ಲಿ ಆರಂಭವಾಗಿ 1988ರ ಮೇ 21ರಂದು ಕೊನೆಗೊಂಡಿತು. ಒಬ್ಬರು ತಮ್ಮ ಸಭೆಯನ್ನು ಬಿಟ್ಟ ವರ್ಷವೂ ದೇವರು ಲೋಕದ ಎಲ್ಲ ಸಭೆಗಳನ್ನು ಬಿಟ್ಟರೆಂಬ ವರ್ಷವೂ ಒಂದೇ ಆಗಿರುವುದು ಓದುಗನ ಕಣ್ಣಿಗೆ ಬೀಳದೆ ಇರದು. ಅವರ ಅಂತರಂಗದ ಬಗ್ಗೆ ತೀರ್ಪು ಕೊಡುವುದು ನನ್ನ ಕೆಲಸವಲ್ಲ; ಅಂಥ ಹೊಂದಿಕೆ ಕಂಡಾಗ ಬೋಧಕನೇ ಮೊದಲು ಎಚ್ಚರಗೊಳ್ಳಬೇಕಿತ್ತು ಎಂದಷ್ಟೇ ಹೇಳುತ್ತೇನೆ.

ಮುಂದಿನದು ಲೋಕಕ್ಕೆಲ್ಲ ಗೊತ್ತಿರುವ ಸಂಗತಿ. 2011ರ ಮೇ 21 ನ್ಯಾಯತೀರ್ಪಿನ ದಿನವೆಂದು ಹಲವು ದೇಶಗಳಲ್ಲಿ ದೊಡ್ಡ ಜಾಹೀರಾತು ಫಲಕಗಳು ಎದ್ದವು. ತಮ್ಮ ಉಳಿತಾಯವನ್ನು ಅದಕ್ಕಾಗಿ ಸುರಿದವರಿದ್ದರು. ಆ ದಿನ ಏನೂ ನಡೆಯದಿದ್ದಾಗ, ತೀರ್ಪು ಆತ್ಮಿಕವಾಗಿ ನಡೆದಿದೆ, ಲೋಕಾಂತ್ಯ ಅಕ್ಟೋಬರ್ 21ಕ್ಕೆ ಎಂದರು. ಅದೂ ಸುಳ್ಳಾಯಿತು. 2012ರ ಮಾರ್ಚ್‌ನಲ್ಲಿ ಕ್ಯಾಂಪಿಂಗ್ ತಮ್ಮ ದಿನ ನಿರ್ಣಯವು ತಪ್ಪೂ ಪಾಪವೂ ಆಗಿತ್ತೆಂದು ಪತ್ರದ ಮೂಲಕ ಒಪ್ಪಿಕೊಂಡರು. ಅವರು ತೀರಿಕೊಂಡ ಮೇಲೆ, 2018ರಲ್ಲಿ, ಅವರೇ ಕಟ್ಟಿದ ರೇಡಿಯೊ ಸಂಸ್ಥೆ ಅವರ ಬೋಧನೆಗಳ ಪ್ರಸಾರವನ್ನು ನಿಲ್ಲಿಸಿತು. ಆದರೂ ಅವರ ಹಿಂದೆ ಹೋದ ಕೆಲವು ಚಿಕ್ಕ ಗುಂಪುಗಳು ದಿನಾಂಕವನ್ನು ಕೈಬಿಟ್ಟು, ಅಥವಾ ಮುಂದೂಡಿ, ಸಭೆಯ ಯುಗ ಮುಗಿದಿದೆ ಎಂಬ ಭಾಗವನ್ನು ಮಾತ್ರ ಹಾಗೆಯೇ ಉಳಿಸಿಕೊಂಡವು. ನಿಮ್ಮ ಮೈದುನರಿಗೆ ತಲುಪಿರುವುದು ಬಹುಶಃ ಈ ಉಳಿದ ಭಾಗ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ನಮ್ಮ ಜಿಲ್ಲೆಯ ಪೂರ್ವದ ಮಲೆಪ್ರದೇಶದಲ್ಲಿ ತಿರುವಿದಾಂಕೂರಿನ ಕಡೆಯಿಂದ ಬಂದು ನೆಲೆಸಿದವರಲ್ಲಿ ಕೆಲವರ ಮೂಲಕ, ಬ್ರದರನ್ ಮತ್ತು ಪೆಂತೆಕೋಸ್ತ್ ಕೂಟಗಳ ಮೂಲಕ ‘ಸಭಾಯುಗ’ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಅದು ಜಾನ್ ನೆಲ್ಸನ್ ಡಾರ್ಬಿ (1800–1882) ಎಂಬ ಬ್ರದರನ್ ಬೋಧಕರಿಂದ ಪ್ರಚಾರಕ್ಕೆ ಬಂದು, 1909ರಲ್ಲಿ ಪ್ರಕಟವಾದ ಸ್ಕೋಫೀಲ್ಡ್ ಅವರ ಟಿಪ್ಪಣಿಸಹಿತ ಸತ್ಯವೇದದಿಂದ ಮನೆಮನೆಗೆ ಹೋದ ವಿಚಾರ. ಆ ಪಂಥದವರ ಪ್ರಕಾರ ಸಭೆಯ ಯುಗ ಮುಗಿಯುವುದು ಕರ್ತನು ಬಂದು ವಿಶ್ವಾಸಿಗಳನ್ನು ಮೇಲಕ್ಕೆ ಕರೆದೊಯ್ಯುವಾಗ. ವಿಶ್ವಾಸಿಗಳು ಭೂಮಿಯ ಮೇಲೆ ಇರುವಷ್ಟು ಕಾಲ ಅದು ಮುಗಿಯುವ ಪ್ರಶ್ನೆಯೇ ಅವರಲ್ಲಿ ಏಳುವುದಿಲ್ಲ. ಸಂಘಟಿತ ಸಭೆ ಹಾಳಾಗಿದೆ ಎಂದು ಡಾರ್ಬಿ ಕಟುವಾಗಿಯೇ ಬರೆದರು, ಆದರೂ ರೊಟ್ಟಿ ಮುರಿಯಲು ಕೂಡಿಬರುವುದನ್ನು ಅವರ ಅನುಯಾಯಿಗಳು ಇಂದಿಗೂ ವಾರವೂ ತಪ್ಪಿಸುವುದಿಲ್ಲ. ಆದ್ದರಿಂದ ನೆರೆಯ ಬ್ರದರನ್ ಕುಟುಂಬದವರನ್ನೂ ನಿಮ್ಮ ಮೈದುನರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವಲ್ಲ.

ಕ್ಯಾಂಪಿಂಗ್ ಅವರ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಜನರನ್ನು ಹಿಡಿದು ನಿಲ್ಲಿಸುವುದು ಅದರ ನಿಖರತೆ. ಸೃಷ್ಟಿಯಾದದ್ದು ಕ್ರಿ.ಪೂ. 11013ರಲ್ಲಿ ಎಂದು ಅವರು ಆದಿಕಾಂಡದ ವಂಶಾವಳಿಗಳಿಂದ ಲೆಕ್ಕಹಾಕಿದರು. ಅಲ್ಲಿಂದ 1988ಕ್ಕೆ ಸರಿಯಾಗಿ 13000 ವರ್ಷ. ದಾನಿಯೇಲ 8:14ರ 2300 ದಿನಗಳನ್ನು 1988ರ ಮೇ 21ಕ್ಕೆ ಸೇರಿಸಿದರೆ 1994ರ ಸೆಪ್ಟೆಂಬರ್. ಆ ದಿನಗಳಲ್ಲಿ ಯಾರೂ ರಕ್ಷಣೆ ಹೊಂದಲಿಲ್ಲವೆಂಬಂತೆಯೂ, ಅನಂತರ ಸಭೆಗಳ ಹೊರಗೆ ಮಾತ್ರ ರಕ್ಷಣೆ ಎಂದೂ ಬೋಧಿಸಿದರು. ಕ್ರಿಸ್ತನ ಶಿಲುಬೆಯ ದಿನದಿಂದ 2011ರ ಮೇ 21ಕ್ಕೆ 722500 ದಿನ. ಅದು 5, 10, 17 ಇವುಗಳ ಗುಣಲಬ್ಧದ ವರ್ಗ. 5 ಎಂದರೆ ಪ್ರಾಯಶ್ಚಿತ್ತ, 10 ಎಂದರೆ ಪೂರ್ಣತೆ, 17 ಎಂದರೆ ಪರಲೋಕ. ಎಂಜಿನಿಯರರ ಕೂಡುಲೆಕ್ಕದಲ್ಲಿ ದೋಷ ಹುಡುಕಲು ಹೋಗಬೇಡಿ; ಗುಣಾಕಾರ ಸರಿಯಾಗಿಯೇ ಇದೆ. ಆದರೆ 17 ಎಂದರೆ ಪರಲೋಕವೆಂದು ಹೇಳಿದವರು ಯಾರು? ಯೋಸೇಫನನ್ನು ಅಣ್ಣಂದಿರು ಮಾರುವ ಕಥೆ ಶುರುವಾಗುವಾಗ ಅವನಿಗೆ 17 ವರ್ಷ (ಆದಿಕಾಂಡ 37:2). ಜಲಪ್ರಳಯ ಆರಂಭವಾದದ್ದು ಎರಡನೆಯ ತಿಂಗಳ 17ನೆಯ ದಿನ (7:11). ರಾಜ್ಯವನ್ನು ಎರಡಾಗಿ ಒಡೆದ ರೆಹಬ್ಬಾಮನು ಯೆರೂಸಲೇಮಿನಲ್ಲಿ ಆಳಿದ್ದು 17 ವರ್ಷ (1 ಅರಸುಗಳು 14:21). ಇವುಗಳನ್ನು ಮುಂದಿಟ್ಟುಕೊಂಡು 17 ಎಂದರೆ ವಿಪತ್ತು ಎಂದು ನಾನು ಹೇಳಿದರೆ ನನ್ನನ್ನು ತಡೆಯುವ ನಿಯಮ ಆ ಪದ್ಧತಿಯಲ್ಲಿ ಇಲ್ಲ.

ಸಂಖ್ಯೆಗಳಿಗಿಂತ ಗಂಭೀರವಾದದ್ದು ಯೆರೆಮೀಯನ ಪುಸ್ತಕದಿಂದ ತೆಗೆದ ವಾದ. ನಿಮ್ಮ ಮೈದುನರಂತಹ ಪ್ರಾಮಾಣಿಕ ಓದುಗರನ್ನು ಒಪ್ಪಿಸುವುದೂ ಅದೇ. ಯೆಹೂದ ದೇಶವು ಹೊಸ ಒಡಂಬಡಿಕೆಯ ಸಭೆಗೆ ಮುನ್ಸೂಚನೆ. ದೇವರು ಯೆರೂಸಲೇಮನ್ನು ಬಾಬೆಲಿನ ಕೈಗೆ ಒಪ್ಪಿಸಿದಂತೆ ಸಭೆಗಳನ್ನು ಸೈತಾನನ ಕೈಗೆ ಒಪ್ಪಿಸಿದ್ದಾನೆ. ಪಟ್ಟಣದಲ್ಲಿ ನಿಲ್ಲುವವನು ಸಾಯುವನು, ಕಸ್ದೀಯರ (ಎಂದರೆ ಬಾಬೆಲಿನವರ) ಕಡೆಗೆ ಹೊರಟುಹೋಗುವವನು ಬದುಕುವನು ಎಂದು ಯೆರೆಮೀಯ 21:9 ಹೇಳುವುದರಿಂದ ಇಂದು ಸಭೆಯನ್ನು ಬಿಟ್ಟು ಹೊರಡಬೇಕು. ಇದು ಅವರ ಸರಣಿ. ಯೆಹೂದವು ಸಭೆಗೆ ಮುನ್ಸೂಚನೆ ಎಂಬುದನ್ನು ವಾದಕ್ಕಾಗಿ ಒಪ್ಪಿಕೊಳ್ಳೋಣ. ಒಪ್ಪಿದ ಮೇಲೆ 21ನೆಯ ಅಧ್ಯಾಯದಲ್ಲಿ ನಿಲ್ಲುವ ಹಾಗಿಲ್ಲ, ಪುಸ್ತಕವನ್ನು ಕೊನೆಯವರೆಗೂ ಓದಬೇಕಾಗುತ್ತದೆ.

32ನೆಯ ಅಧ್ಯಾಯದಲ್ಲಿ ಬಾಬೆಲಿನ ದಂಡು ಪಟ್ಟಣವನ್ನು ಮುತ್ತಿದೆ, ಯೆರೆಮೀಯನು ಕಾರಾಗೃಹದ ಅಂಗಳದಲ್ಲಿ ಬಂಧಿಯಾಗಿದ್ದಾನೆ. ಆಗ ಅವನ ಚಿಕ್ಕಪ್ಪನ ಮಗ ಹನಮೇಲನು ಬಂದು, ಅನಾತೋತಿನಲ್ಲಿರುವ ನನ್ನ ಹೊಲವನ್ನು ಕೊಂಡುಕೋ ಎನ್ನುತ್ತಾನೆ. ಶತ್ರುವಿನ ಕಾಲಕೆಳಗಿರುವ ಜಮೀನಿಗೆ ಯಾರು ಹಣ ಕೊಡುತ್ತಾರೆ? ಯೆರೆಮೀಯನು 17 ಶೆಕೆಲ್ ಬೆಳ್ಳಿಯನ್ನು ತೂಗಿ ಕೊಡುತ್ತಾನೆ, ಕ್ರಯಪತ್ರಕ್ಕೆ ರುಜು ಹಾಕಿ ಮುದ್ರೆಯೊತ್ತುತ್ತಾನೆ, ಸಾಕ್ಷಿಗಳಿಂದ ರುಜು ಹಾಕಿಸುತ್ತಾನೆ, ಮುಚ್ಚಿದ ಪ್ರತಿಯನ್ನೂ ತೆರೆದ ಪ್ರತಿಯನ್ನೂ ಬಹುಕಾಲ ಉಳಿಯುವಂತೆ ಮಣ್ಣಿನ ಗಡಿಗೆಯಲ್ಲಿ ಇಡು ಎಂದು ತನ್ನ ಲಿಪಿಕಾರ ಬಾರೂಕನಿಗೆ ಹೇಳುತ್ತಾನೆ. ಈ ದೇಶದಲ್ಲಿ ಮನೆ, ಹೊಲ, ದ್ರಾಕ್ಷಿತೋಟಗಳ ಕ್ರಯವಿಕ್ರಯ ಮತ್ತೆ ನಡೆಯುವುದು ಎಂಬುದು ಅದರ ಅರ್ಥವೆಂದು 15ನೆಯ ವಚನವೇ ಹೇಳುತ್ತದೆ. ಆಸ್ತಿ ನೋಂದಣಿಯ ಕಷ್ಟಸುಖ ಬಲ್ಲ ನಮ್ಮ ಜನಕ್ಕೆ ಈ ಅಧ್ಯಾಯವನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ.

37ನೆಯ ಅಧ್ಯಾಯ ಇನ್ನೂ ನೇರವಾಗಿದೆ. ಮುತ್ತಿಗೆ ಸ್ವಲ್ಪ ಸಡಿಲವಾದಾಗ ಯೆರೆಮೀಯನು ಬೆನ್ಯಾಮೀನ್ ಬಾಗಿಲಿನಿಂದ ಹೊರಗೆ ಹೊರಟಿದ್ದಾನೆ. ಕಾವಲಿನ ಅಧಿಕಾರಿ ಅವನನ್ನು ಹಿಡಿದು, ನೀನು ಕಸ್ದೀಯರ ಕಡೆಗೆ ಸೇರಲು ಹೋಗುತ್ತಿದ್ದೀ ಎಂದು ಆರೋಪಿಸುತ್ತಾನೆ. ಹೊರಟುಹೋಗುವವನೇ ಬದುಕುವನೆಂದು ಸಾರಿದ ಪ್ರವಾದಿಯೇ ಅದು ಸುಳ್ಳು, ನಾನು ಹಾಗೆ ಹೋಗುತ್ತಿಲ್ಲ ಎನ್ನುತ್ತಾನೆ, ಏಟು ತಿಂದು ಸೆರೆಗೆ ಹೋಗುತ್ತಾನೆ. ಪಟ್ಟಣ ಬಿದ್ದ ಮೇಲೆ ಬಾಬೆಲಿನ ಸೇನಾಧಿಪತಿ ಅವನಿಗೆ ಆಯ್ಕೆ ಕೊಡುತ್ತಾನೆ: ನನ್ನೊಂದಿಗೆ ಬಾಬೆಲಿಗೆ ಬಾ, ಇಲ್ಲವೇ ಇಷ್ಟವಿದ್ದಲ್ಲಿ ಇರು. ಯೆರೆಮೀಯನು ಮಿಚ್ಪಕ್ಕೆ ಹೋಗಿ, ದೇಶದಲ್ಲಿ ಉಳಿದ ಬಡಜನರ ನಡುವೆ ವಾಸಮಾಡುತ್ತಾನೆ (40:6). ಇನ್ನು ಯೆಹೂದದ ಜನರ ಬಾಬೆಲಿನ ಸೆರೆಗೆ ಒಂದು ಅವಧಿಯೂ ಉಂಟು, 70 ವರ್ಷ. ಆಮೇಲೆ ಹಿಂದಿರುಗುವ ವಾಗ್ದಾನ (29:10). ಹೀಗಿರುವಾಗ ಯೆಹೂದದ ಕಥೆ ಸಭೆಯ ಕಥೆಯಾದರೆ, ಅದರ ಕೊನೆ ತೀರ್ಪು ಮತ್ತು ಪುನಃಸ್ಥಾಪನೆಯೇ ಹೊರತು ಸಮಾಪ್ತಿಯಲ್ಲ. ಕ್ಯಾಂಪಿಂಗ್ ಮುನ್ಸೂಚನೆಯ ಅರ್ಧವನ್ನು ಇಟ್ಟುಕೊಂಡು ಉಳಿದರ್ಧವನ್ನು ಬಿಟ್ಟರು ಎನ್ನುವುದು ನನ್ನ ಮುಖ್ಯ ಆಕ್ಷೇಪ.

ಹೊಸ ಒಡಂಬಡಿಕೆಯ ವಚನಗಳಲ್ಲೂ ಇದೇ ಅಭ್ಯಾಸ ಕಾಣುತ್ತದೆ. ಪ್ರಕಟನೆ 2:5ರಲ್ಲಿ ದೀಪಸ್ತಂಭವನ್ನು ತೆಗೆದುಬಿಡುವೆನೆಂಬ ಎಚ್ಚರಿಕೆ ಎಫೆಸದ ಒಂದು ಸಭೆಗೆ. ಅದೇ ಪತ್ರಗಳ ಸಾಲಿನಲ್ಲಿ ಸ್ಮುರ್ನ ಮತ್ತು ಫಿಲದೆಲ್ಫಿಯ ಸಭೆಗಳಿಗೆ ಒಂದು ಆಕ್ಷೇಪದ ಮಾತೂ ಇಲ್ಲ. ಪ್ರಕಟನೆ 11ರಲ್ಲಿ ಕೊಲೆಯಾಗುವ ಇಬ್ಬರು ಸಾಕ್ಷಿಗಳು ಅವರು ಹೇಳುವಂತೆ ಸಭೆಯೇ ಆಗಿದ್ದರೂ, ಮೂರುವರೆ ದಿನಗಳ ಮೇಲೆ ಅವರು ಜೀವದಿಂದ ಎದ್ದು ನಿಲ್ಲುತ್ತಾರೆ. ದೇವರ ಮನೆಯಿಂದಲೇ ನ್ಯಾಯತೀರ್ಪು ಆರಂಭವಾಗುವ ಸಮಯ ಬಂದಿದೆ ಎಂದು 1 ಪೇತ್ರ 4:17 ಹೇಳುವುದು ಮೊದಲನೆಯ ಶತಮಾನದ ಹಿಂಸೆಯ ನಡುವೆ, ಮತ್ತು ಅದರ ಬೆನ್ನಿಗೇ ಬರುವ 5:1–4ರಲ್ಲಿ ಹಿಂಡನ್ನು ಕಾಯಿರಿ ಎಂದು ಹಿರಿಯರಿಗೆ ಆಜ್ಞೆಯಿದೆ, ಹಿರೀ ಕುರುಬನು ಪ್ರತ್ಯಕ್ಷನಾಗುವಾಗ ಪ್ರತಿಫಲವೆಂಬ ಮಾತಿದೆ. ಯೆರೂಸಲೇಮನ್ನು ದಂಡುಗಳು ಮುತ್ತಿದಾಗ ಬೆಟ್ಟಗಳಿಗೆ ಓಡಿಹೋಗಿರಿ ಎಂಬ ಲೂಕ 21ರ ಮಾತು ಕ್ರಿ.ಶ. 70ರ ರೋಮನ್ ಮುತ್ತಿಗೆಗೆ ಸಹಜವಾಗಿ ಹೊಂದುತ್ತದೆ. ಅಂದಿನ ಯೆರೂಸಲೇಮಿನ ಕ್ರೈಸ್ತರು ಯೋರ್ದನಿನ ಆಚೆಯ ಪೆಲ್ಲಕ್ಕೆ ಹೋದರೆಂದು ಇತಿಹಾಸಕಾರ ಯೂಸೇಬಿಯಸ್ ಬರೆಯುತ್ತಾನೆ. ಅವರು ಹೋದದ್ದು ಸಭೆಯಾಗಿಯೇ.

2 ಥೆಸಲೊನೀಕ 2:4 ಬೇರೆಯೇ ಒಂದು ಮಾತಿಗೆ ಅರ್ಹವಾಗಿದೆ. ಅಧರ್ಮಸ್ವರೂಪನು ದೇವರ ಆಲಯದಲ್ಲಿ ಕುಳಿತುಕೊಳ್ಳುತ್ತಾನೆ, ಆಲಯವೆಂದರೆ ಸಭೆ, ಆದ್ದರಿಂದ ಸಭೆಗಳನ್ನು ಈಗ ಸೈತಾನನು ಆಳುತ್ತಿದ್ದಾನೆ ಎಂಬುದು ಅವರ ವಾದ. ಆಲಯವೆಂದರೆ ಸಭೆ ಎಂದು 16ನೆಯ ಶತಮಾನದ ಸುಧಾರಕರೂ ಓದಿದ್ದರು, ರೋಮಿನ ಅಧಿಕಾರವನ್ನು ಅದೇ ವಚನದಿಂದ ಖಂಡಿಸಿದ್ದರು; ಆ ಖಂಡನೆಯ ಕಾವನ್ನು ಇಂದು ಹೆಚ್ಚಿನವರು ಒಪ್ಪುವುದಿಲ್ಲ ಎಂಬುದು ಬೇರೆ ವಿಷಯ. ಆದರೆ ಆ ಸುಧಾರಕರಲ್ಲೊಬ್ಬನಾದ ಕ್ಯಾಲ್ವಿನ್ ಅದರಿಂದ ತೆಗೆದ ನಿರ್ಣಯ ಇದಕ್ಕೆ ತೀರಾ ವಿರುದ್ಧ: ವೈರಿಯು ದೇವರ ಆಲಯದಲ್ಲಿ ಕುಳಿತಿದ್ದಾನೆ ಎಂದರೆ ಅಲ್ಲಿ ದೇವರ ಆಲಯ ಇನ್ನೂ ಇದೆ ಎಂದೇ ಅರ್ಥ, ಪೀಡಿತವಾದರೂ ಸಭೆ ಅಲ್ಲಿ ಉಳಿದಿದೆ ಎಂದು. ಸುಧಾರಣಾ ಪರಂಪರೆಯಲ್ಲಿ ಬೆಳೆದ ಕ್ಯಾಂಪಿಂಗ್ ಈ ಮಾತನ್ನು ದಾಟಿ ಹೋದದ್ದು ವಿಚಿತ್ರ.

ಇನ್ನು ಸಭೆ ಎಷ್ಟು ಕಾಲ ಎಂಬುದನ್ನೇ ಹೇಳುವ ವಚನಗಳಿವೆ, ಅವು ಒಂದೇ ದಿಕ್ಕಿಗೆ ಬೆರಳು ತೋರಿಸುತ್ತವೆ. ಪಾತಾಳದ ಬಲವು ಸಭೆಯನ್ನು ಸೋಲಿಸಲಾರದು (ಮತ್ತಾಯ 16:18). ದೀಕ್ಷಾಸ್ನಾನ ಮಾಡಿಸಿ ಉಪದೇಶಿಸಿರಿ ಎಂಬ ಆಜ್ಞೆಯೊಂದಿಗೇ ಯುಗದ ಸಮಾಪ್ತಿಯವರೆಗೂ ಜೊತೆಗಿರುವ ವಾಗ್ದಾನ (28:19–20). ಕರ್ತನ ಮರಣವನ್ನು ರೊಟ್ಟಿ ಮತ್ತು ಪಾತ್ರೆಯ ಮೂಲಕ ಆತನು ಬರುವ ತನಕ ಪ್ರಸಿದ್ಧಪಡಿಸುವುದು (1 ಕೊರಿಂಥ 11:26). ಆ ದಿನ ಸಮೀಪಿಸುತ್ತಿರುವುದನ್ನು ನೋಡಿ ಕೂಡಿಬರುವುದನ್ನು ಹೆಚ್ಚಿಸಬೇಕೆಂದು ಇಬ್ರಿಯ 10:25 ಹೇಳುತ್ತದೆ. ಅಂತ್ಯ ಹತ್ತಿರವಾಗಿದೆ, ಆದ್ದರಿಂದ ಕೂಡಿಬರುವುದನ್ನು ನಿಲ್ಲಿಸಿರಿ ಎನ್ನುವವರು ಈ ವಚನವನ್ನು ತಲೆಕೆಳಗು ಮಾಡದೆ ಓದಲಾರರು. ದೀಕ್ಷಾಸ್ನಾನವೂ ಕರ್ತನ ಭೋಜನವೂ ಇನ್ನಿಲ್ಲವೆಂದು ಕ್ಯಾಂಪಿಂಗ್ ಬೋಧಿಸಿದ್ದರಿಂದ, ನಿಮ್ಮ ಮೈದುನರು ಮಗುವಿನ ವಿಷಯದಲ್ಲಿ ಹಾಗೆ ಹೇಳಿದ್ದರಲ್ಲಿ ಆಶ್ಚರ್ಯವಿಲ್ಲ.

ಇದು ಮೊದಲ ಬಾರಿ ಕೇಳಿಬಂದ ಮಾತೂ ಅಲ್ಲ. 4ನೆಯ ಶತಮಾನದಲ್ಲಿ ಉತ್ತರ ಆಫ್ರಿಕದ ದೊನಾತಪಂಥದವರು, ಹಿಂಸೆಯ ಕಾಲದಲ್ಲಿ ಜಾರಿದವರ ಸಂಸರ್ಗದಿಂದ ಉಳಿದ ಲೋಕದ ಸಭೆ ಕೆಟ್ಟುಹೋಯಿತು, ಶುದ್ಧ ಸಭೆ ತಮ್ಮಲ್ಲಿ ಮಾತ್ರ ಉಳಿದಿದೆ ಎಂದರು. ಬಿಷಪ್ ಅಗಸ್ಟೀನ್ ಆ ಪಂಥದವರಿಗೆ, ಕೊಯ್ಲಿನ ತನಕ ಎರಡೂ ಕೂಡಿ ಬೆಳೆಯಲಿ ಎನ್ನುವ ಗೋಧಿ ಮತ್ತು ಹಣಜಿಯ ಸಾಮ್ಯದಿಂದ ಉತ್ತರಿಸಿದ. 12ನೆಯ ಶತಮಾನದ ಇಟಲಿಯ ಮಠಾಧಿಪತಿ ಫಿಯೋರೆಯ ಜೋಕಿಮ್ ಇತಿಹಾಸವನ್ನು ತಂದೆ, ಮಗ, ಪವಿತ್ರಾತ್ಮ ಎಂಬ ಮೂರು ಯುಗಗಳಾಗಿ ವಿಂಗಡಿಸಿದ. ಅವನ ಹಿಂಬಾಲಕರು ಮೂರನೆಯದು 1260ಕ್ಕೆ ಬರುವುದೆಂದು ಕಾದರು. ಪ್ರೊಟೆಸ್ಟಂಟರ ಅಧಿಕೃತ ನಿಲುವು ತಿಳಿಯಬೇಕಾದರೆ 1530ರ ಆಗ್ಸ್‌ಬರ್ಗ್ ವಿಶ್ವಾಸಪ್ರಕಟಣೆಯಲ್ಲಿ ಪರಿಶುದ್ಧ ಸಭೆ ಎಂದೆಂದಿಗೂ ಉಳಿಯುವುದೆಂದಿದೆ. 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಕಟಣೆ ಇನ್ನೂ ಬಿಚ್ಚಿ ಹೇಳುತ್ತದೆ, ಅತ್ಯಂತ ಶುದ್ಧ ಸಭೆಗಳಲ್ಲೂ ಬೆರಕೆ ಮತ್ತು ತಪ್ಪು ಉಂಟು, ಕೆಲವು ಸಭೆಗಳು ಸಭೆಗಳೇ ಅಲ್ಲವೆನ್ನುವಷ್ಟು ಕೆಟ್ಟಿವೆ, ಆದರೂ ಭೂಮಿಯ ಮೇಲೆ ಸಭೆಯೊಂದು ಯಾವಾಗಲೂ ಇರುವುದು ಎಂದು. ಬೇಳ, ಕಯ್ಯಾರಿನ ಕಥೋಲಿಕ ನೆಂಟರನ್ನು ಕೇಳಿದರೂ ಇಷ್ಟರಲ್ಲಿ ವ್ಯತ್ಯಾಸವಿರದು.

ನಮ್ಮ ಕರಾವಳಿಯ ನೆನಪೂ ಇದರ ಪರವಾಗಿಯೇ ಇದೆ. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕೆನರಾದ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ, ಚರ್ಚ್‌ಗಳನ್ನು ಕೆಡವಿದಾಗ, ಈ ನೆಲದಲ್ಲಿ ಧರ್ಮಸಭೆ ಮುಗಿಯಿತೆಂದು ಹೇಳಲು ಸಾಕಷ್ಟು ಕಾರಣವಿತ್ತು. 1799ರ ಮೇಲೆ ಉಳಿದವರು ಹಿಂದಿರುಗಿ ಮತ್ತೆ ಕಟ್ಟಿದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳು ಮೊದಲನೆಯ ಮಹಾಯುದ್ಧದಲ್ಲಿ ಬಂಧನಕ್ಕೆ ಒಳಗಾದರು, ಹೆಂಚಿನ ಕಾರ್ಖಾನೆಗಳು ಕೈಬಿಟ್ಟುಹೋದವು. ಸ್ಥಳೀಯ ಸಭಾಪಾಲಕರೂ ಹಿರಿಯರೂ ಭಾನುವಾರದ ಆರಾಧನೆಯನ್ನು ನಿಲ್ಲಿಸಲಿಲ್ಲ.

ಈಗ ನಿಮ್ಮ ಸಭೆಯ ಜಗಳಗಳ ವಿಷಯ. ಮೈದುನರ ಮಾತಿನಲ್ಲಿ ಸತ್ಯವಿರುವುದು ಇಲ್ಲಿ ಮಾತ್ರ, ಅದನ್ನು ಮುಚ್ಚಿಡಬೇಡಿ. ಕೊರಿಂಥದಲ್ಲಿ ಅಗಮ್ಯಗಮನ, ಸಹೋದರರ ನಡುವೆ ನ್ಯಾಯಾಲಯದ ವ್ಯಾಜ್ಯ, ಕರ್ತನ ಭೋಜನದಲ್ಲೇ ಕುಡಿದು ಮತ್ತರಾಗುವುದು ಎಲ್ಲವೂ ಇದ್ದವು. ಪೌಲನು ಒಂದೊಂದನ್ನೂ ಗದರಿದನು, ಆದರೆ ಪತ್ರದ ಮೊದಲಿಗೇ ಅವರನ್ನು ದೇವರ ಸಭೆಯೆಂದು ಕರೆದಿದ್ದನು. ಕೊಳೆರೋಗ ಬಂದ ತೋಟದ ಯಜಮಾನನು ಅಡಕೆ ಬೆಳೆಯುವ ಕಾಲವೇ ಮುಗಿಯಿತೆಂದು ಹೇಳುವುದಿಲ್ಲ, ಮದ್ದು ಬಿಡಿಸುತ್ತಾನೆ. ಸಭೆಯಲ್ಲಿ ಮದ್ದು ಎಂದರೆ ಲೆಕ್ಕಪತ್ರ ಕೇಳುವುದು, ಮಹಾಸಭೆಯಲ್ಲಿ ಎದ್ದುನಿಂತು ಮಾತಾಡುವುದು, ಮತ್ತಾಯ 18ರ ಕ್ರಮದಲ್ಲಿ ತಪ್ಪಿತಸ್ಥನನ್ನು ಎದುರಿಸುವುದು. ಆ ಕ್ರಮದ ಕೊನೆಯ ಹೆಜ್ಜೆ ‘ಸಭೆಗೆ ಹೇಳು’ ಎಂಬುದು, ಸಭೆಯೇ ಇಲ್ಲವೆನ್ನುವವನಿಗೆ ಹೇಳಿಕೊಳ್ಳಲು ಯಾರೂ ಉಳಿಯುವುದಿಲ್ಲ. ವಾಕ್ಯದ ಸಾರೋಣ ಕೆಟ್ಟು, ಸಂಸ್ಕಾರಗಳು ಕೆಟ್ಟು, ತಿದ್ದುವ ದಾರಿಯೂ ಮುಚ್ಚಿದ್ದರೆ ಆ ಸಭೆಯನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದಕ್ಕೆ ಸುಧಾರಕರ ಪರಂಪರೆ ಅನುಮತಿ ಕೊಡುತ್ತದೆ. ಆಸ್ತಿಯ ವ್ಯಾಜ್ಯ ಆ ಮಟ್ಟಕ್ಕೆ ಬಂದದ್ದಲ್ಲ. ಮತ್ತು ಎಲ್ಲ ಸಭೆಗಳನ್ನೂ ಬಿಡುವುದಕ್ಕೆ ಅನುಮತಿ ಯಾವ ಪರಂಪರೆಯಲ್ಲೂ ಇಲ್ಲ.

ಅತ್ತೆಯವರಿಗೆ ಹೀಗೆ ಹೇಳಿ: ಮಾವನವರ ರಕ್ಷಣೆ ಅವರು ತೀರಿಕೊಂಡ ವರ್ಷದಲ್ಲಿಯೂ ಇಲ್ಲ, ಅವರು ಕುಳಿತ ಬೆಂಚಿನಲ್ಲಿಯೂ ಇಲ್ಲ, ಅವರು ನಂಬಿದ ಕ್ರಿಸ್ತನಲ್ಲಿದೆ, ತನ್ನ ಬಳಿಗೆ ಬರುವವನನ್ನು ತಳ್ಳಿಬಿಡುವುದೇ ಇಲ್ಲವೆಂದು ಆತನು ಹೇಳಿದ್ದಾನೆ (ಯೋಹಾನ 6:37). 1988 ಎಂಬ ಸಂಖ್ಯೆ ಸತ್ಯವೇದದ ಯಾವ ಪುಟದಲ್ಲೂ ಇಲ್ಲವೆಂಬುದನ್ನೂ ಹೇಳಿ. ಅವರಿಗೆ ಬೇಕಾಗಿರುವುದು ನನ್ನಂಥವರ ವಾದವಲ್ಲ, ಸಭಾಪಾಲಕರು ಮನೆಗೆ ಬಂದು ಕುಳಿತು ಪ್ರಾರ್ಥಿಸುವುದು. ಅದನ್ನು ಕೇಳಿಕೊಳ್ಳಲು ಸಂಕೋಚಪಡಬೇಡಿ.

ಮೈದುನರೊಂದಿಗೆ ವಾದಕ್ಕೆ ಇಳಿಯುವ ಬದಲು ಯೆರೆಮೀಯನ 32, 37, 40ನೆಯ ಅಧ್ಯಾಯಗಳನ್ನು ಒಟ್ಟಿಗೆ ಓದಿ, ಫೋನಿನಲ್ಲಾದರೂ ಸರಿ. ದಿನವಿಡೀ ಕೆಲಸ ಮಾಡಿ ಕೋಣೆಗೆ ಮರಳುವವರಿಗೆ ಕಿವಿಯಲ್ಲಿ ಕೇಳುವ ಬೋಧನೆಯೇ ಸಭೆಯಾಗಿಬಿಡುವುದು ಅಪರೂಪವಲ್ಲ. ಹಿರಿಯರಿಲ್ಲದ ಸಭೆಯೆಂದು ಹೇಳಿಕೊಂಡರೂ, ಪ್ರಶ್ನಿಸಲಾಗದ ಒಬ್ಬ ಹಿರಿಯ ಆ ಧ್ವನಿಯ ರೂಪದಲ್ಲಿ ಇದ್ದೇ ಇರುತ್ತಾನೆ. ಗಲ್ಫಿನ ಹಲವು ನಗರಗಳಲ್ಲಿ ಚರ್ಚಿನ ಒಂದೇ ಆವರಣದಲ್ಲಿ ಬೇರೆ ಬೇರೆ ಭಾಷೆಯ ಆರಾಧನೆಗಳು ನಡೆಯುತ್ತವೆ; ಅಲ್ಲಿಗೆ ಹೋಗುವ ನಮ್ಮ ಊರಿನವರು ಯಾರಾದರೂ ಅವರನ್ನು ಊಟಕ್ಕೆ ಕರೆದರೆ ಅದು ಪತ್ರವ್ಯವಹಾರಕ್ಕಿಂತ ಹೆಚ್ಚು ಕೆಲಸ ಮಾಡೀತು.

ಮಗುವಿನ ದೀಕ್ಷಾಸ್ನಾನವನ್ನು ಮಾತ್ರ ಅವರ ಬೆನ್ನ ಹಿಂದೆ ಮಾಡಿಸಬೇಡಿ. ಓರಗಿತ್ತಿಗೆ ಮನಸ್ಸಿದ್ದರೂ, ಹೆತ್ತವರು ಸಭೆಯ ಮುಂದೆ ಮಾತು ಕೊಡಬೇಕಾದ ಸಂಸ್ಕಾರವನ್ನು ತಂದೆಗೆ ತಿಳಿಸದೆ ಮುಗಿಸಿದರೆ, ಸಭೆಯ ಮೇಲೆ ಅವರಿಗಿರುವ ಅನುಮಾನಕ್ಕೆ ನೀವೇ ಆಧಾರ ಕೊಟ್ಟಂತಾಗುತ್ತದೆ. ತಡವಾದುದರಿಂದ ಮಗುವಿಗೆ ಕೇಡಿಲ್ಲ. ಅಲ್ಲಿಯವರೆಗೆ ತಾಯಿಯೊಂದಿಗೆ ಮಗುವೂ ಆರಾಧನೆಗೆ ಬರಲಿ. ಅದಕ್ಕೆ ಅವರ ಆಕ್ಷೇಪವಿದೆಯೇ ಎಂದು ಮೊದಲು ಅವರನ್ನೇ ಕೇಳಿ.